ಕೊಳದಲ್ಲಿ ನೆನೆದ ರಾಜ

ಆಸ್ಪತ್ರೆಯಲ್ಲಿ ಭಯ ಹೋಗಲಾಡಿಸುವ ಹನಿ ಹಾಕತೊಡಗಿದ ಮೇಲೆ ಊರಿನಲ್ಲಿ ಹರಕೆ ಹೊರುವವರೇ ಇಲ್ಲ. ಪಕ್ಕದ ಮನೆಯವರು ಗುಡಿಗೆ ಹೋಗುವುದು ಬಿಟ್ಟರೆಂದು ಉಳಿದವರೂ ಬಿಟ್ಟರು.

ಶನಿವಾರದ ಕಾವ್ಯವಾಚನಕ್ಕೆ ಕೂತ ವಿಶಾಲಾಕ್ಷಮ್ಮನಿಗೆ ಒಂದೇ ಚಿಂತೆ. ಅವರು ಹಾಡಿದ ಪದ್ಯಕ್ಕೆ ಅರ್ಥ ಹೇಳುವ ಚಿದಂಬರಯ್ಯ ಮೊನ್ನೆ ಹನಿ ಹಾಕಿಸಿಕೊಂಡಿದ್ದರು. ಅವರಿಲ್ಲದೆ ವಾಚನ ನಡೆಯದು.

ಅಷ್ಟರಲ್ಲಿ ಚಿದಂಬರಯ್ಯ ಬಂದು ಚಾಪೆಯ ಮೇಲೆ ಕೂತರು.

"ನಂಬಿಕೆ ಹೋಯ್ತು ವಿಶಾಲಾಕ್ಷಮ್ಮ. ಒಳಗೆಲ್ಲ ಹುಡುಕಿ ನೋಡ್ದೆ, ದೇವರಿಲ್ಲ."

"ಮತ್ತೆ ಯಾಕೆ ಬಂದ್ರಿ?"

"ಹೋದ ವಾರ ಸೋತ ರಾಜನ್ನ ಕೊಳದೊಳಗೆ ಅಡಗಿಸಿ ಮಂಗಳ ಹಾಡಿಬಿಟ್ರಲ್ಲ. ಎಂಟು ದಿನದಿಂದ ನೆನೀತಿದಾನೆ, ಮೇಲೆತ್ತೋದು ಬೇಡ್ವಾ?"

ವಿಶಾಲಾಕ್ಷಮ್ಮ ನಕ್ಕು ಪುಸ್ತಕ ಚಾಚಿದರು. ಚಿದಂಬರಯ್ಯ ಎಂದಿನಂತೆ ಅದನ್ನು ಕಣ್ಣಿಗೊತ್ತಿಕೊಂಡು ಪುಟ ತೆರೆದರು. ಕಂಡರೂ ಕಾಣದವರಂತೆ ವಿಶಾಲಾಕ್ಷಮ್ಮ ರಾಗ ಎತ್ತಿಕೊಂಡರು.