ಗವಿಯೊಳಗಿನ ಮರಿ

ಆ ಊರಲ್ಲಿ ಯಾರು ಸತ್ತರೂ ಅವರ ದನಿಯನ್ನು ಒಂದು ಬಾವಲಿ ಕಲಿತುಕೊಳ್ಳುತ್ತಿತ್ತು. ಅದಕ್ಕೇ ಹೊತ್ತು ಮುಳುಗುವಾಗ ಜನ ಗವಿಯ ಮುಂದೆ ಬಂದು ಕೂರುತ್ತಿದ್ದರು. ಕೇಳಬಹುದು, ಓಗೊಡಬಾರದು. ಓಗೊಟ್ಟರೆ ತಾಯಿಯೇ ಬಂತೆಂದುಕೊಂಡು ರೆಕ್ಕೆ ಬಲಿಯದ ಮರಿಗಳು ಬಂಡೆಯ ಹಿಡಿತ ಬಿಟ್ಟು ಕೆಳಗೆ ಬಿದ್ದು ಸಾಯುತ್ತವೆ.

ದುಂಡವ್ವ ಸೆರಗನ್ನು ಬಾಯಿಗೊತ್ತಿಕೊಂಡು ಕೂತಿದ್ದಳು. ಮಗಳು ಕಸ್ತೂರಿಯ ದನಿ ಕಲಿತಿದ್ದ ಬಾವಲಿ ಈಗ ಈದಿತ್ತು. ಅದಕ್ಕೋ ವಯಸ್ಸಾಗಿತ್ತು. ಮರಿಗೆ ದನಿ ದಾಟದಿದ್ದರೆ ಕಸ್ತೂರಿ ಇನ್ನೊಮ್ಮೆ ಸತ್ತಂತೆ.

"ಯಕ್ಕಾ, ನಿಮ್ ಹುಡುಗಿ ದಿನಾ ವಟವಟ ಅಂತಿದ್ಲಲ್ರಿ. ಈ ಮರಿ ಹ್ಯಾಂಗ ಸುಮ್ನಿರ್ತೈತಿ?" ಎಂದು ಗವಿ ಕಾಯುವ ರಾಜೇಸಾಬ ನಕ್ಕ.

ತಾಯಿ ಬಾವಲಿಗಳು ಹೊಗೆಯಂತೆ ಮೇವಿಗೆ ಹೊರಟುಹೋದವು. ಒಳಗೆ ಮರಿಗಳಷ್ಟೇ ಉಳಿದವು. ಮರಿಗಳ ದನಿಯಲ್ಲಿ ಯಾರದೋ ಸತ್ತ ಅಜ್ಜ ಕೆಮ್ಮಿದ, ಯಾರೋ ಎಮ್ಮೆಯನ್ನು ಬೈದರು. ಆಮೇಲೆ ಕಸ್ತೂರಿಯ ದನಿ ಬಂತು.

"ಅವ್ವಾ, ಹೊಟ್ಟಿ ಹಸ್ದೈತಿ. ಎಲ್ಲಿ ಹ್ವಾದಿ?"

"ಬಂತ್ ನೋಡ್ರಿ! ಬಾಯಿ ಬಿಡಬ್ಯಾಡ್ರಿ ಮತ್ತ," ಎಂದು ರಾಜೇಸಾಬ ಪಿಸುಗುಟ್ಟಿದ.

ಮರಿ ಮತ್ತೆ ಕರೆಯಿತು. ಈ ಸಲ ಅಳುತ್ತಿತ್ತು. ಅದಕ್ಕೆ ನಿಜವಾಗಿಯೂ ಹಸಿವಾಗಿತ್ತು. ದುಂಡವ್ವನ ಸೆರಗು ಜಾರಿತು, ಉತ್ತರ ನಾಲಿಗೆಯ ತುದಿಗೆ ಬಂತು.

ಅಷ್ಟರಲ್ಲಿ ಬಾವಲಿಯೊಂದು ಅವಳ ತಲೆಯ ಮೇಲಿಂದಲೇ ಗವಿಯೊಳಕ್ಕೆ ಹಾರಿತು. ಹಾರುತ್ತಲೇ ಮರಿಗೆ ಓಗೊಟ್ಟಿತು. ಅದೂ ಕಸ್ತೂರಿಯ ದನಿಯೇ.

"ಬಂದೆ ತಡಿ, ನನ್ನ ಕೂಸ."

ದುಂಡವ್ವ ಬಾಯಿ ಮುಚ್ಚಿದಳು. ಸಾಯುವಾಗ ಕಸ್ತೂರಿಯ ಹಾಲುಹಲ್ಲುಗಳೇ ಇನ್ನೂ ಪೂರ್ತಿ ಬಿದ್ದಿರಲಿಲ್ಲ.