ರಾಣಿಗೊಂದು ಗಾಜು

ಹಳೆಯ ಅರಮನೆಯ ಗೋಡೆಯ ಚಿತ್ರದಲ್ಲಿ ಒಬ್ಬ ರಾಣಿಯಿದ್ದಳು. ನೋಡಲು ಬಂದವರೆಲ್ಲ ಅವಳ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು, ಮೊಣಕಾಲಿನವರೆಗೂ ಬಣ್ಣ ಅಳಿಸಿಬಿಟ್ಟಿದ್ದರು. ಕಾವಲಿನ ದ್ಯಾವಮ್ಮನಿಗೆ ಅದೇ ಸಂಕಟ. ಚಿತ್ರಕ್ಕೊಂದು ಗಾಜು ಹಾಕಿಸಿರೆಂದು ಕಂಡಕಂಡ ಅಧಿಕಾರಿಗಳಿಗೆಲ್ಲ ಕೈಮುಗಿದು ಸೋತಿದ್ದಳು.

ಒಂದು ದಿನ ಮಂತ್ರಿಗಳೇ ಬಂದರು. ದ್ಯಾವಮ್ಮ ಅಡ್ಡ ನಿಂತಳು.

"ಬುದ್ಧಿ, ಮುಟ್ಟಿ ಮುಟ್ಟಿ ನಮ್ಮವ್ವ ಸವದೋದ್ಲು. ಬರೋ ವರ್ಸಕ್ಕೆ ಸೊಂಟಾನೂ ಇರಾಕಿಲ್ಲ. ಒಂದ್ ಗಾಜು ಹಾಕ್ಸ್‌ಕೊಡಿ."

ಮಂತ್ರಿಗಳು ಬಗ್ಗಿ ನೋಡಿದರು. ರಾಣಿಯ ಸೊಂಟದ ಪಕ್ಕದಲ್ಲೇ ಯಾರೋ ಚಾಕುವಿನಿಂದ ಹೆಸರು ಕೆತ್ತಿದ್ದರು.

"ಅರೆ, ಇದು ನಂದೇ ಕಣ್ರೀ! ಕಾಲೇಜಿಂದ ಟೂರ್ ಬಂದಾಗ ಕೆತ್ತಿದ್ದು!"

ಹಿಂದಿದ್ದ ಅಧಿಕಾರಿ ಬೆವರಿದ. ದ್ಯಾವಮ್ಮನಿಗೆ ಬಾಯಿ ತಡೆಯಲಿಲ್ಲ.

"ಇಂಥೋರಿಂದ್ಲೇ ಬುದ್ಧಿ, ಗ್ವಾಡೆ ಹಾಳಾಗದು."

ಮಂತ್ರಿಗಳ ಮುಖ ಚಿಕ್ಕದಾಯಿತು. ಮೆಲ್ಲಗೆ ಆ ಹೆಸರಿನ ಮೇಲೆ ಕೈಯಾಡಿಸಿದರು.

"ನಿಜ ಕಣಮ್ಮ. ಇನ್ಮೇಲೆ ಇಲ್ಲಿ ಯಾರೂ ಮುಟ್ಟಬಾರದು. ರೀ, ನಾಳೇನೇ ಗಾಜು ಹಾಕ್ಸಿ."

ಮರುದಿನ ಗಾಜು ಬಂತು. ದ್ಯಾವಮ್ಮ ರಾಣಿಗೆ ನೆಟಿಗೆ ಮುರಿದು ದೃಷ್ಟಿ ತೆಗೆದು, ಪಕ್ಕಕ್ಕೆ ಸರಿದು ನಿಂತಳು.

ಕೆಲಸದವರು ಮಂತ್ರಿಗಳ ಹೆಸರಿನ ಮೇಲೆ ಗಾಜು ಕೂರಿಸಿ, ಅದು ಅಲುಗಾಡದಂತೆ ರಾಣಿಯ ಸೊಂಟಕ್ಕೊಂದು ಮೊಳೆ ಹೊಡೆದರು.