ಅಜ್ಜಿ ಹೊಲಿದ ರೇಷ್ಮೆ ಲಂಗ

ನುಸಿಗುಳಿಗೆಯ ವಾಸನೆ ಬಂದರೆ ಇಂದಿಗೂ ನನಗೆ ಕೋರ್ಟಿನ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಅಪ್ಪ ನಮ್ಮನ್ನು ಬಿಟ್ಟು ಎರಡು ವರ್ಷವಾಗಿತ್ತು. ನನ್ನ ಜೀವನಾಂಶಕ್ಕಾಗಿ ಅಮ್ಮ ಕೇಸು ಹಾಕಿದ್ದಳು. "ಅವ್ರೆದುರು ಮಗು ಗತಿಗೆಟ್ಟವ್ರ ಥರ ನಿಂತ್ಕೋಬಾರ್ದು" ಎಂದು ಅಜ್ಜಿ, ಟ್ರಂಕಿನಲ್ಲಿದ್ದ ತನ್ನ ಧಾರೆ ಸೀರೆಯನ್ನೇ ಕತ್ತರಿಸಿ ನನಗೆ ಜರಿಯಂಚಿನ ಲಂಗ ಹೊಲಿದಿದ್ದಳು.

ಅಪ್ಪನ ಕಡೆ ವಕೀಲರು ನನ್ನತ್ತ ಕೈ ತೋರಿಸಿದರು. "ನೋಡಿ ಸ್ವಾಮಿ, ಮಗು ರೇಷ್ಮೆ ಉಟ್ಕೊಂಡು ಬಂದಿದೆ. ಇವ್ರಿಗೇನ್ ಕಮ್ಮಿಯಾಗಿದೆ?"

"ಅದು ನಮ್ಮಮ್ಮನ ಹಳೇ ಸೀರೆ..." ಎಂದಳು ಅಮ್ಮ. ಜಡ್ಜ್ ಆಗಲೇ ಬರೆಯತೊಡಗಿದ್ದರು. ನಾನು ಜರಿ ಕಾಣದಂತೆ ಲಂಗದ ಅಂಚನ್ನು ಒಳಕ್ಕೆ ಮಡಚಿ ಹಿಡಿದುಕೊಂಡೆ.

ಚಾಮರಾಜಪೇಟೆಯ ಮನೆಯ ಬಾಗಿಲಲ್ಲೇ ಅಜ್ಜಿ ಕಾದಿದ್ದಳು. "ಎಲ್ರೂ ಲಂಗ ನೋಡಿದ್ರೇನೇ?"

ಅಮ್ಮ ಚಪ್ಪಲಿ ಬಿಡುತ್ತಾ ಹೇಳಿದಳು, "ನೋಡಿದ್ರಮ್ಮ."